ವಿಠಲಕಾಕಾ ‘ಇರ್ಲಿ’ ಅಂದ ಹಾಡು

“ಅಮ್ಮಾ, ಹಾಡು ಹಚ್ಚಿದಾಗ ವಿಠಲಜ್ಜ ಆ ಡಬ್ಬಿ ಮ್ಯಾಲೆ ಕೈ ಯಾಕ ಇಟ್ಟಿರ್ತಾನ?”

ಗಾರ್ಗಿ ಇದನ್ನು ಕೇಳಿದ್ದು ಒಂದು ಭಾನುವಾರ, ಕೆಳಗಿನ ಮನೆಯಿಂದ ನಾವು ಮೆಟ್ಟಿಲು ಹತ್ತಿ ಬರುವಾಗ. ಅವಳಿಗಾಗ ಐದು ವರ್ಷ. ಡಬ್ಬಿ ಎಂದರೆ ಸ್ಪೀಕರ್. ನನ್ನ ತಲೆಯಲ್ಲಿ ಕುಕ್ಕರಿಗೆ ಅಕ್ಕಿ ಇಡುವ ವಿಚಾರವಿತ್ತು. “ಡಬ್ಬಿ ಅಲಗಾಡಬಾರದು ಅಂತ” ಎಂದುಬಿಟ್ಟೆ. “ಅದು ಅಲಗಾಡಂಗೇ ಇಲ್ಲಲ” ಎಂದು ಅವಳು ಇನ್ನೆರಡು ಮೆಟ್ಟಿಲು ವಾದಿಸಿದಳು. ಆಮೇಲೆ ಇಬ್ಬರೂ ಮರೆತೆವು.

ನಾರಾಯಣಗೂಡದ ಒಂದು ಓಣಿಯಲ್ಲಿ ವಿಠಲಕಾಕಾನವರ ಹಳೆಯ ಮನೆ. ಕೆಳಗೆ ಅವರು ಮತ್ತು ಅವರ ಹೆಂಡತಿ ಕೃಷ್ಣಾಬಾಯಿ ಕಾಕು, ಮೇಲೆ ಬಾಡಿಗೆಗೆ ನಾವು. ನನ್ನ ಗಂಡ ಕೇದಾರ ದಿನಾ ಕಂಪನಿಯ ಗಾಡಿ ಹತ್ತಿ ಮಾಧಾಪುರಕ್ಕೆ ಹೋಗುತ್ತಿದ್ದ. ಆಗ ಅಲ್ಲಿ ಬಂಡೆ ಒಡೆದು ಗಾಜಿನ ಕಟ್ಟಡಗಳನ್ನು ಎಬ್ಬಿಸುತ್ತಿದ್ದ ಕಾಲ. ಕಾಕಾ ಗುಲ್ಬರ್ಗಾ ಕಡೆಯವರು. ಹುಡುಗನಾಗಿದ್ದಾಗಲೇ ಹೈದರಾಬಾದಿಗೆ ಬಂದು, ಸರ್ಕಾರಿ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಬಿಳಿ ಪೈಜಾಮ, ಅರ್ಧ ತೋಳಿನ ಅಂಗಿ, ಕಿಸೆಯಲ್ಲಿ ಪೆನ್ನಿನ ಬದಲು ಒಂದು ಪೆನ್ಸಿಲ್. ಕ್ಯಾಸೆಟ್ಟಿನ ಟೇಪು ಸಡಿಲಾದರೆ ಸುತ್ತಲು ಪೆನ್ಸಿಲ್ಲೇ ಬೇಕು.

ಭಾನುವಾರ ಬೆಳಿಗ್ಗೆ ಅವರ ಹಜಾರದಲ್ಲಿ ಜಮಖಾನೆ ಹಾಸುತ್ತಿದ್ದರು. ವಾರವಿಡೀ ಹೊರಗೆ ತೆಲುಗು, ಹಿಂದಿ ಮಾತಾಡಿ ದಣಿದ ನಮ್ಮ ಕಡೆಯ ನಾಲ್ಕಾರು ಮನೆಯವರು ಅಲ್ಲಿ ಬಂದು ಕಾಲು ಚಾಚುತ್ತಿದ್ದರು. ಬ್ಯಾಂಕಿನ ಬೂದೆಪ್ಪನವರು, ತಾರ್ನಾಕದಿಂದ ಬರುವ ಹನುಮಂತರಾಯರು, ಅವರ ಹೆಂಡತಿ ಸುವರ್ಣಾ. ಯಾರಾದರೊಬ್ಬರ ಕೈಯಲ್ಲಿ ಹೊಸದೊಂದು ಕ್ಯಾಸೆಟ್ ಇರುತ್ತಿತ್ತು. ಭಾವಗೀತೆ, ಗಜಲ್, ಅಭಂಗ, ಬರೇ ಸಾರಂಗಿ, ಯಾವುದಾದರೂ ಸರಿ, ಆದರೆ ಹೊಸದಿರಬೇಕು. ಕೋಠಿಯ ಅಂಗಡಿಗಳಲ್ಲಿ ವಾರಕ್ಕೊಂದು ರಾಶಿ ಬರುತ್ತಿತ್ತು. ಯಾವುದನ್ನು ಕೊಂಡರೆ ವರ್ಷಗಟ್ಟಲೆ ಕೇಳಬಹುದು ಎಂದು ನಮಗೆ ತಿಳಿಯುತ್ತಿರಲಿಲ್ಲ. ಕಾಕಾನಿಗೆ ತಿಳಿಯುತ್ತಿತ್ತು.

ಹಾಡು ನಡೆದಾಗ ಯಾರೂ ಮಾತಾಡುವಂತಿಲ್ಲ, ಏಳುವಂತಿಲ್ಲ. ಮುಖ್ಯವಾಗಿ, ಯಂತ್ರಕ್ಕೆ ಯಾರೂ ಕೈ ಹಚ್ಚುವಂತಿಲ್ಲ. ನಿಲ್ಲಿಸುವುದು ಕಾಕಾ ಒಬ್ಬರೇ. ಹಿಂದೊಮ್ಮೆ ಬೂದೆಪ್ಪನವರು ಬೇಸರವಾಗಿ ಒಂದು ಹಾಡನ್ನು ಮುಂದೆ ಓಡಿಸಿದ್ದರಂತೆ. “ಬೂದೆಪ್ಪ, ಉಣ್ಣಾಕ ಕೂತಾಗ ನಡಕಿನ ತುತ್ತು ಬಿಟ್ಟು ಉಣ್ತೀಯೇನು?” ಎಂದು ಕಾಕಾ ಕೇಳಿದ ಮೇಲೆ ಆ ಯಂತ್ರದ ಹತ್ತಿರ ಯಾರೂ ಸುಳಿದಿರಲಿಲ್ಲ.

ಕಣ್ಣು ಮುಚ್ಚಿ, ಸ್ಪೀಕರಿನ ಪಕ್ಕ ಕುರ್ಚಿಯಲ್ಲಿ ಕೂತು ಕಾಕಾ ಕೇಳುತ್ತಿದ್ದರು. ಎರಡು ಮೂರು ಹಾಡು ಮುಗಿದ ಮೇಲೆ ತೀರ್ಪು. ಒಳ್ಳೆಯದಿದ್ದರೆ “ಇದು ಇರ್ಲಿ” ಎನ್ನುತ್ತಿದ್ದರು. ಇಲ್ಲವೆಂದರೆ ಬೈಯುತ್ತಿರಲಿಲ್ಲ, ಅಡುಗೆಮನೆಯ ಕಡೆ ತಿರುಗಿ “ಚಾ ತರ್ರಿ” ಎನ್ನುತ್ತಿದ್ದರು. ಕ್ಯಾಸೆಟ್ ತಂದವರ ಮುಖ ಸಣ್ಣದಾಗುತ್ತಿತ್ತು. ಉಳಿದವರು ಬಶಿಯಲ್ಲಿ ಚಹಾ ಹೊಯ್ದುಕೊಂಡು ಮುಸಿಮುಸಿ ನಗುತ್ತಿದ್ದರು.

“ಕೇಳಿದ ಕೂಡ್ಲೆ ಚಲೋ ಅನ್ನಿಸೋದು ಹಾಡಿನ ಗುಣ ಅಲ್ಲ, ನಮ್ಮ ಹಸಿವಿಂದು” ಎಂದು ಒಮ್ಮೆ ನನಗೆ ಹೇಳಿದ್ದರು. “ಮರುದಿನ ಏನೋ ಕೆಲಸದಾಗ ಇರ್ತೀ. ಕರೀದೇ ಒಂದು ಸಾಲು ಬಾಯಾಗ ಬಂದು ಕೂಡ್ತದ. ಅದು ಬಂತಂದ್ರ ತಿಳಕೋ, ಆ ಕ್ಯಾಸೆಟ್ ಮತ್ತ ಮತ್ತ ಕೇಳಲಿಕ್ಕೆ ಬರೋದು.” ಅವರು ‘ಇರ್ಲಿ’ ಅಂದದ್ದನ್ನು ನಾವು ಕೊಳ್ಳುತ್ತಿದ್ದೆವು. ಮರುದಿನ ಹಿಟ್ಟು ಕಲೆಸುವಾಗಲೋ ಬಸ್ಸಿಗೆ ನಿಂತಾಗಲೋ ಅದರ ಸಾಲು ಬಾಯಿಗೆ ಬಂದೇ ಬರುತ್ತಿತ್ತು.

ನಾನು ಈ ಊರಿಗೆ ಬಂದಾಗ ಗಾರ್ಗಿ ಕೈಗೂಸು. ಹಲ್ಲು ಬರುವ ಕಾಲಕ್ಕೆ ಅವಳು ರಚ್ಚೆ ಹಿಡಿದು, ನಾನೂ ಅವಳ ಜೊತೆ ಅಳುತ್ತಾ ಕೂತಿದ್ದ ಒಂದು ಮಧ್ಯಾಹ್ನ ಕಾಕಾ ಬಾಗಿಲಲ್ಲಿ ನಿಂತು ಒಂದು ಸಾರಂಗಿ ಕ್ಯಾಸೆಟ್ ಕೊಟ್ಟರು. “ಇದನ್ನ ಹಚ್ಚು. ಕೂಸಿಗಲ್ಲ, ನಿನಗ.” ಆ ಕ್ಯಾಸೆಟ್ ಸವೆದು ದನಿ ಅಲೆ ಅಲೆಯಾಗುವವರೆಗೂ ಕೇಳಿದ್ದೇನೆ. ಹೊಸ ಊರಲ್ಲಿ ನನ್ನ ಕೈಹಿಡಿದು ನಡೆಸಿದ್ದರಲ್ಲಿ ಅರ್ಧ ಪಾಲು ಆ ಕ್ಯಾಸೆಟ್ಟುಗಳದು.

ಆ ಪ್ರೀತಿಗೇ ಕೇದಾರ ತನ್ನ ಬೋನಸ್ಸಿನಲ್ಲಿ ಕಾಕಾನಿಗೊಂದು ಸಿಡಿ ಪ್ಲೇಯರ್ ತಂದ. ಎರಡು ಪುಟ್ಟ ಸ್ಪೀಕರು ಬೇರೆ. ಶನಿವಾರ ಡ್ರಿಲ್ ತಂದು ಅವನ್ನು ಗೋಡೆಯ ಮೇಲೆ, ಛತ್ತಿನ ಹತ್ತಿರ ಕೂಡಿಸಿದ. ಹಳೆಯ ಸ್ಪೀಕರನ್ನು ಕಟ್ಟಿ ಅಟ್ಟದ ಮೇಲಿಟ್ಟ.

“ಇಷ್ಟ ಮ್ಯಾಲ ಯಾಕೋ? ಕೈಗೆ ಸಿಗಂಗಿಲ್ಲಲ” ಎಂದರು ಕಾಕಾ.

“ಕೈಗೆ ಯಾಕ ಬೇಕು ಕಾಕಾ? ರಿಮೋಟ್ ಅದ. ಮ್ಯಾಲಿದ್ರ ಎಲ್ಲಾರಿಗೂ ಚಂದ ಕೇಳಸ್ತದ.”

ಕಾಕಾ ಇನ್ನೇನೋ ಹೇಳಬೇಕೆಂದು ಬಾಯಿ ತೆರೆದು, ಆಮೇಲೆ ರಿಮೋಟನ್ನು ತಿರುಗಿಸಿ ತಿರುಗಿಸಿ ನೋಡಿ, “ಚಲೋ ಆತು ಬಿಡು” ಎಂದರು.

ಮರುದಿನದ ಭಾನುವಾರ ಕಾಕು ಊರಲ್ಲಿರಲಿಲ್ಲ. ತಂಗಿಯ ಬಸುರಿ ಮಗಳ ಕುಬಸಕ್ಕೆಂದು ಗುಲ್ಬರ್ಗಾಕ್ಕೆ ಹೋಗಿದ್ದರು. “ಚಾ ಒಂದು ನೋಡ್ಕೋ ನಮ್ಮವ್ವ” ಎಂದು ನನಗೆ ಹೇಳಿದ್ದರು. ನಾನು ಬೆಳಿಗ್ಗೆಯೇ ಕೆಳಗೆ ಹೋಗಿ, ಮಂಡಕ್ಕಿ ನೆನೆಸಿ ಸುಸಲಾ ಮಾಡಿ, ಎಲ್ಲರಿಗೂ ಕೊಟ್ಟು, ಅಡುಗೆಮನೆಯಲ್ಲಿ ಚಹಾಕ್ಕೆ ನೀರಿಟ್ಟೆ. ಬೂದೆಪ್ಪನವರು ಬೆಂಗಳೂರಿನ ಬೀಗರಿಂದ ತರಿಸಿದ ಭಾವಗೀತೆಯ ಸಿಡಿ ತಂದಿದ್ದರು. ಹೊಸ ಹುಡುಗಿ ಹಾಡಿದ್ದು, ಮೊದಲನೆಯ ಆಲ್ಬಮ್ಮು. ಅದು ಕೈಯಿಂದ ಕೈಗೆ ದಾಟಿ, ಗಾರ್ಗಿಯೂ ಅದರಲ್ಲಿ ತನ್ನ ಮುಖ ನೋಡಿಕೊಂಡ ಮೇಲೆ ಕೇದಾರ ಅದನ್ನು ಯಂತ್ರದೊಳಗೆ ಹಾಕಿದ.

ಮೊದಲ ಹಾಡು ಸರಾಗ ಮುಗಿಯಿತು. ಎರಡನೆಯದರ ಪಲ್ಲವಿ ಒಲೆಯ ಮುಂದೆ ನಿಂತ ನನಗೂ ಸ್ಪಷ್ಟವಾಗಿ ಕೇಳಿಸಿತು: ‘ಒಣಗಿದ ಬಟ್ಟೆಯ ಮಡಚುವ ಸಂಜೆ.’ ಹಾಡಿಗೆ ಇಂಥ ವಿಷಯವೂ ಆಗುತ್ತದೆಯೇ ಎಂದುಕೊಳ್ಳುವಷ್ಟರಲ್ಲಿ ಎರಡನೆಯ ಸಲ ಅದೇ ಸಾಲಿಗೆ ಬಂದು ಸಿಡಿ ಅಟಕಾಯಿಸಿತು. ಮಡಚುವ, ಮಡಚುವ, ಮಡಚುವ.

ಬೇರೆ ಯಾರ ಮನೆಯಾದರೂ ಒಬ್ಬರು ಎದ್ದು ನಿಲ್ಲಿಸುತ್ತಿದ್ದರು. ಇಲ್ಲಿ ಯಾರೂ ಏಳಲಿಲ್ಲ. ಕಾಕಾ ನಿಲ್ಲಿಸಲಿ ಎಂದು ಎಲ್ಲರೂ ಅವರ ಮುಖ ನೋಡುತ್ತಿದ್ದರು. ಕಾಕಾ ಕಣ್ಣು ಮುಚ್ಚಿಕೊಂಡು, ತೊಡೆಯ ಮೇಲೆ ಬೆರಳಿನಿಂದ ತಾಳ ಹಾಕುತ್ತಿದ್ದರು. ಆ ತಾಳಕ್ಕೂ ಗೋಡೆಯ ಮೇಲಿನ ‘ಮಡಚುವ’ಕ್ಕೂ ಸಂಬಂಧವೇ ಇರಲಿಲ್ಲ. ಸುವರ್ಣಾ ಸೆರಗು ಬಾಯಿಗೆ ಒತ್ತಿಕೊಂಡಳು. ಕೇದಾರನ ಹೆಬ್ಬೆರಳು ರಿಮೋಟಿನ ಮೇಲಿತ್ತು, ಒತ್ತಲಿಲ್ಲ.

ಏನಾಯಿತೆಂದು ನಾನು ಒದ್ದೆ ಕೈ ಒರೆಸಿಕೊಳ್ಳುತ್ತಾ ಅಡುಗೆಮನೆಯ ಬಾಗಿಲಿಗೆ ಬಂದು ನಿಂತೆ. ಕಾಕಾ ಅರೆಗಣ್ಣು ತೆರೆದು ಬಾಗಿಲ ಕಡೆ ನೋಡಿದರು. ನನ್ನನ್ನು ಕಂಡು ಅವರ ಮುಖ ಸಡಿಲಾಯಿತು, ಹುಡುಕುತ್ತಿದ್ದ ವಸ್ತು ಸಿಕ್ಕವರ ಹಾಗೆ.

“ಇದು ಇರ್ಲಿ” ಎಂದರು.

ಕಾಕಾ ಚೇಷ್ಟೆ ಮಾಡಿದರೆಂದೇ ಬೂದೆಪ್ಪನವರು ತಿಳಿದರು. ತೊಡೆ ತಟ್ಟಿ ನಕ್ಕರು. “ಇರ್ಲಿ ಅಂದ್ರ ಹ್ಯಾಂಗ್ರಿ ಕಾಕಾ? ಈ ಹುಡುಗಿ ಹೊತ್ತು ಮುಣುಗೋತನಾ ಒಂದs ಅರಿವಿ ಮಡಚಾಕತ್ತಿರ್ಲೇನು?”

ತಡೆದುಕೊಂಡಿದ್ದ ನಗೆಯೆಲ್ಲ ಒಮ್ಮೆಲೇ ಹೊರಬಿತ್ತು. ಕಾಕಾ ಕೂಡ ನಕ್ಕರು. ಆದರೆ ಒಬ್ಬರ ಮುಖದಿಂದ ಒಬ್ಬರ ಮುಖಕ್ಕೆ ನೋಡುತ್ತಾ, ಯಾತಕ್ಕೆ ನಗುತ್ತಿದ್ದೇವೆ ಎಂದು ಹುಡುಕುತ್ತಾ ನಕ್ಕರು. ನಗೆ ಮುಗಿಯುತ್ತಿದ್ದಂತೆ, “ಎರಡನೇ ಹಾಡಿನ್ಯಾಗ ಆಕಿ ದನಿ ಬಿಟ್ಟದ್ದು ಚಲೋ ಅದ” ಎಂದರು.

ಆಗ ಯಾರೂ ನಗಲಿಲ್ಲ. ಗೋಡೆಯ ಮೇಲೆ ‘ಮಡಚುವ, ಮಡಚುವ’ ನಡೆದೇ ಇತ್ತು.

ಗಾರ್ಗಿ ಅವರ ಮೊಣಕಾಲು ಅಲುಗಾಡಿಸಿದಳು. “ಅಜ್ಜಾ, ಅದು ಅಟಕಾಯಿಸ್ಯದ. ನಿನಗ ಕೇಳಸಂಗಿಲ್ಲೇನು?”

ಅವರು ಅವಳ ತುಟಿ ನೋಡಿದರು. ಆಮೇಲೆ ತಲೆ ಎತ್ತಿ ಗೋಡೆಯ ಮೇಲಿನ ಆ ಎರಡು ಡಬ್ಬಿಗಳನ್ನು ನೋಡಿದರು. ಅವರ ಬಲಗೈ ಕುರ್ಚಿಯ ಪಕ್ಕಕ್ಕೆ ಹೋಯಿತು, ಹಳೆಯ ಸ್ಪೀಕರ್ ಇರುತ್ತಿದ್ದ ಜಾಗಕ್ಕೆ. ಅಲ್ಲಿ ಏನೂ ಇರಲಿಲ್ಲ. ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಮಡಿಲಲ್ಲಿಟ್ಟುಕೊಂಡರು. ಕಿವಿಯ ತುದಿಯವರೆಗೆ ಕೆಂಪಾದ ಆ ವಯಸ್ಸಿನ ಮುಖವನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಕೇದಾರ ಗುಂಡಿ ಒತ್ತಿದ. ಹಜಾರ ನಿಶ್ಶಬ್ದವಾಯಿತು, ಆ ನಿಶ್ಶಬ್ದವೂ ಅವರಿಗೆ ನಮ್ಮನ್ನು ನೋಡಿಯೇ ತಿಳಿಯಬೇಕಾಯಿತು.

“ಚಾ ತರ್ರಿ” ಎಂದರು ಕಾಕಾ.

ನಾನು ಚಹಾ ತಂದೆ. ಯಾರೂ ಯಾರ ಮುಖವನ್ನೂ ನೋಡದೆ ಕುಡಿದರು. ಹನುಮಂತರಾಯರು ಬಿಸಿಲು ಜಾಸ್ತಿಯಾಯಿತು ಎಂದರು. ಸುವರ್ಣಾ ಕುಕ್ಕರಿನ ನೆಪ ಹೇಳಿದಳು. ಬೂದೆಪ್ಪನವರಿಗೆ ನೆಪ ಸಿಗಲಿಲ್ಲ. ಚಪ್ಪಲಿ ಮೆಟ್ಟುವಾಗ ಎಡದ್ದನ್ನು ಬಲಗಾಲಿಗೆ ಹಾಕಿಕೊಂಡು ಸ್ವಲ್ಪ ದೂರ ಹಾಗೇ ನಡೆದರು.

ಮೇಲೆ ಬಂದ ಮೇಲೆ ಕೇದಾರ ಡ್ರಿಲ್ಲನ್ನು ಒಳಗೆ ಎತ್ತಿಟ್ಟ. ಆಮೇಲೆ, “ನಾನs ಮ್ಯಾಲ ಇಟ್ಟೆ” ಎಂದ. ಗಾರ್ಗಿ ಹಿಂದಿನ ವಾರ ಕೇಳಿದ ಪ್ರಶ್ನೆ ನನಗೆ ಆಗ ನೆನಪಾಯಿತು. ಕೈಯಿಟ್ಟು ಅವರು ಹಾಡನ್ನು ಮುಟ್ಟುತ್ತಿದ್ದರು. ಐದು ವರ್ಷದವಳ ಕಣ್ಣಿಗೆ ಬಿದ್ದದ್ದು, ವಾರವಾರ ಎದುರಿಗೆ ಕೂತ ನಮಗೆ ಯಾರಿಗೂ ಬಿದ್ದಿರಲಿಲ್ಲ.

ಮುಂದಿನ ಭಾನುವಾರ ಕೆಳಗಿನ ಬಾಗಿಲು ಮುಚ್ಚಿತ್ತು. ಅದಕ್ಕೂ ಮೊದಲೇ ಸಿಡಿ ಪ್ಲೇಯರೂ ಗೋಡೆಯ ಸ್ಪೀಕರುಗಳೂ ಹಳೆಯ ಪೇಪರಿನಲ್ಲಿ ಸುತ್ತಿ ನಮ್ಮ ಬಾಗಿಲಿಗೆ ಬಂದಿದ್ದವು, ಮೊಳೆಗಳು ಬೇರೆ ಪುಡಿಕೆಯಲ್ಲಿ. ಕಾಕಾ ಗಿಡಗಳಿಗೆ ನೀರು ಹಾಕುವ ಹೊತ್ತನ್ನು ಬದಲಿಸಿಕೊಂಡರು. ಓಣಿಯಲ್ಲಿ ಜನ ಏಳುವ ಮೊದಲೇ ಮುಗಿಸಿಬಿಡುತ್ತಿದ್ದರು. ನಾನು ಮೆಟ್ಟಿಲಿಳಿದರೆ ಒಳಗೆ ಹೋಗುತ್ತಿದ್ದರು, ಅವರು ಒಳಗೆ ಹೋಗಲೆಂದು ನಾನೂ ಮೆಟ್ಟಿಲ ತಿರುವಿನಲ್ಲಿ ಸ್ವಲ್ಪ ನಿಲ್ಲುತ್ತಿದ್ದೆ. ಅವರಿಗೆ ನಾಚಿಕೆ, ಅವರ ನಾಚಿಕೆ ಕಂಡವರಿಗೂ ನಾಚಿಕೆ.

ಊರಿಂದ ಬಂದ ಕಾಕು ತರಕಾರಿ ಗಾಡಿಯ ಹತ್ತಿರ ನನ್ನನ್ನು ಹಿಡಿದು ನಿಲ್ಲಿಸಿದರು.

“ನಾ ಇಲ್ಲದಾಗ ಏನಾತವ್ವ? ಉಣ್ಣಂಗಿಲ್ಲ, ಮಾತಿಲ್ಲ.”

ನಾನು ಹೇಳಿದೆ. ಅವರು ಕೈಯಲ್ಲಿದ್ದ ಬದನೆಕಾಯಿಯನ್ನು ಸುಮ್ಮನೆ ಒತ್ತುತ್ತಾ ನಿಂತರು.

“ಕಿವಿ ಮಂದ ಆಗ್ಯಾವಂತ ನನಗ ಗೊತ್ತಿತ್ತು. ಮಾತು ತುಟಿ ನೋಡಿ ತಿಳಕೋತಾರ. ಆದ್ರ ಹಾಡು ಕೇಳಸ್ತದ ಅಂತs ತಿಳಿದಿದ್ದೆ ನಾನೂ. ಕೂತು ತಲಿ ತೂಗ್ತಿದ್ರಲ.” ಬದನೆಕಾಯಿಯನ್ನು ಗಾಡಿಯಲ್ಲಿ ಇಟ್ಟು, “ಕಿವ್ಯಾಗ ಇಡೋ ಮಷೀನ್ ಮಗಳು ಕೊಡಿಸ್ಯಾಳ. ಪೆಟ್ಟಿಗ್ಯಾಗ ಹಾಕ್ಯಾರ. ಯಾಕಂತ ಕೇಳಿದ್ರ ಸಿಟ್ಟು” ಎಂದರು. ಗಾಡಿಯವನು “ಅಮ್ಮಾ, ಎಂತ ಕಾವಾಲಿ?” ಎಂದು ತೆಲುಗಿನಲ್ಲಿ ಎಷ್ಟು ಬೇಕೆಂದು ಕೇಳಿದ. ಕಾಕು ಏನೂ ಕೊಳ್ಳದೆ ಹೋದರು.

ಒಂದು ಸಂಜೆ ಬೂದೆಪ್ಪನವರು ಬಂದರು. ಕೆಳಗಿನ ಬಾಗಿಲನ್ನು ನೋಡಿ, ಬಡಿಯದೆ, ಮೇಲೆ ಬಂದು ಆ ಸಿಡಿಯನ್ನು ನನ್ನ ಕೈಗಿಟ್ಟರು. “ನೀವs ಇಟ್ಕೋರಿ ವೈನಿ. ನನ್ನ ಮನ್ಯಾಗ ಇದ್ರ ನಂಗ ನಿದ್ದಿ ಹತ್ತವಲ್ದು. ತೊಡಿ ಬಡದು ನಕ್ಕೀನ್ರಿ ನಾನು, ತೊಡಿ ಬಡದು.” ಕೂರಿ ಎಂದರೂ ಕೂರಲಿಲ್ಲ.

ಸಿಡಿಯನ್ನು ಬೆಳಕಿಗೆ ಹಿಡಿದು ನೋಡಿದೆ. ಅದರ ಹೊಳೆಯುವ ಮೈಮೇಲೆ ಎಣ್ಣೆ ಅರಿಶಿನದ ಒಂದು ಬೆರಳಿನ ಗುರುತು. ಚಿಕ್ಕ ಬೆರಳು. ನಾನು ಮಾಡಿದ ಸುಸಲಾ, ನನ್ನ ಮಗಳ ಕೈ. ನಾನು ಯಾರಿಗೂ ಹೇಳಲಿಲ್ಲ, ಗಾರ್ಗಿಗೂ. ಅವಳ ಹಳೆಯ ಕುಲಾವಿಯ ಮೆತ್ತನೆ ಬಟ್ಟೆಯಿಂದ ಒರೆಸಿ, ಹಚ್ಚಿದೆ.

ಈ ಸಲ ಎಲ್ಲೂ ನಿಲ್ಲಲಿಲ್ಲ. ಆ ಹುಡುಗಿ ದನಿ ಏರಿಸಿ ತೋರಿಸುವವಳಲ್ಲ. ಪಕ್ಕದ ಕೋಣೆಯಲ್ಲಿ ಕೆಲಸ ಮಾಡುತ್ತಾ ತನ್ನಷ್ಟಕ್ಕೆ ಹೇಳಿಕೊಂಡಂತೆ ಹಾಡುತ್ತಾಳೆ. ಮೊದಲ ದಿನ ಇಷ್ಟೇ ಅನ್ನಿಸಿತು. ಮರುದಿನ ಕೊತ್ತಂಬರಿ ಸೋಸುವಾಗ ಅದರ ಎರಡನೆಯ ಹಾಡು ತಾನಾಗಿ ಬಾಯಿಗೆ ಬಂತು. ಮತ್ತೆ ಹಚ್ಚಿದೆ. ಪ್ರತಿ ಸಲ ಯಾವುದೋ ಹೊಸ ಜಾಗದಲ್ಲಿ ತಬಲಾ ಸ್ವಲ್ಪ ಹಿಂದೆ ಸರಿದದ್ದು, ಅವಳು ಉಸಿರು ತೆಗೆದುಕೊಂಡದ್ದು ಕೇಳಿಸುತ್ತಿತ್ತು. ಕೇದಾರ ಆಫೀಸಿಗೆ ಹೋಗುವಾಗ ಶಿಳ್ಳೆಯಲ್ಲಿ ಅದನ್ನೇ ಹಾಕುತ್ತಿದ್ದ, ಕೆಳಗಿನ ಬಾಗಿಲು ದಾಟುವಾಗ ಮಾತ್ರ ನಿಲ್ಲಿಸುತ್ತಿದ್ದ.

ಹಾಗೇ ಒಂದು ಸಂಜೆ ಮಾಳಿಗೆಯ ಮೇಲೆ ಒಣಗಿದ ಬಟ್ಟೆ ತೆಗೆಯುತ್ತಿದ್ದೆ. ನೀರಿನ ಟ್ಯಾಂಕು ನೋಡಲು ಕಾಕಾ ಮೇಲೆ ಬಂದರು. ನಾನಿರುವುದು ತಿಳಿಯದೆ ಬಂದಿರಬೇಕು, ಕೊನೆಯ ಮೆಟ್ಟಿಲಲ್ಲೇ ನಿಂತರು. ಹಿಂದಿರುಗುತ್ತಾರೆ ಎಂದುಕೊಂಡು ನಾನು ಗಾರ್ಗಿಯ ಫ್ರಾಕು ಮಡಚುತ್ತಾ ತಲೆ ತಗ್ಗಿಸಿದೆ. ಅವರು ಹೋಗಲಿಲ್ಲ.

“ಪ್ರಾಜಕ್ತಾ, ಏನ್ ಹಾಡ್ಲಿಕತ್ತೀ?”

“ಏನಿಲ್ಲ ಕಾಕಾ.”

“ಆಗಿನಿಂದ ನೋಡ್ಲಿಕತ್ತೀನಿ. ತುಟಿ ಆಡ್ಲಿಕತ್ತಾವ ನಿಂದು.”

ಸುಳ್ಳು ಹೇಳಬಹುದಿತ್ತು. ಅವರು ನನ್ನ ತುಟಿಯನ್ನೇ ನೋಡುತ್ತಿದ್ದರು. “ಅದs ಸಿಡಿ” ಎಂದೆ. “ನೀವು ಇರ್ಲಿ ಅಂದದ್ದು. ಅದು ಖರೇನೇ ಚಲೋ ಅದ ಕಾಕಾ. ವಾರ ಆತು, ಬಾಯಿಂದ ಹೋಗವಲ್ದು.”

ಅವರು ಟ್ಯಾಂಕಿನ ಕಟ್ಟೆಯ ಮೇಲೆ ಕೂತರು. ನಗುತ್ತಾರೋ ಸಿಟ್ಟಾಗುತ್ತಾರೋ ತಿಳಿಯಲಿಲ್ಲ.

“ಅದು ನನ್ನ ತೀರ್ಪಲ್ಲ” ಎಂದರು. “ನಿಮ್ಮ ಕಾಕುಂದು. ಆಕಿಗೂ ಗೊತ್ತಿಲ್ಲ ಇದು. ಹಾಡು ಚಲೋ ಇತ್ತಂದ್ರ ಆಕಿ ಒಲಿ ಮುಂದ ನಿಂದ್ರಂಗಿಲ್ಲ, ಬಾಗಲಕ್ಕ ಬಂದು ನಿಂದರ್ತಾಳ. ಮದಲಿಂದ ಹಂಗs. ಕಿವಿ ಕೈಕೊಟ್ಟ ಮ್ಯಾಲೆ ನಾ ಅದನ್ನs ನೋಡಿ ಹೇಳ್ಕೋತ ಬಂದೆ. ತಾಳಕ್ಕ ಡಬ್ಬಿ ಮ್ಯಾಲೆ ಕೈ, ತೀರ್ಪಿಗೆ ಬಾಗಲ ಮ್ಯಾಲೆ ಕಣ್ಣು. ಅವತ್ತ ಡಬ್ಬೀನೂ ಇರಲಿಲ್ಲ, ಆಕೀನೂ ಇರಲಿಲ್ಲ. ಬಾಗಲಾಗ ನೀ ಬಂದು ನಿಂತಿ.”

ನನ್ನ ಕೈಯಲ್ಲಿ ಫ್ರಾಕು ಹಾಗೇ ಉಳಿಯಿತು.

“ನಕ್ಕದ್ದಕ್ಕ ನನಗ ಸಿಟ್ಟಿಲ್ಲ. ಬೂದೆಪ್ಪ ಮನಿಗೆ ಬಂದು ಬಾಗಲಾ ಬಡೀದೇ ಹೋಗ್ತಾನಂತ, ಪಾಪ. ಆದ್ರ ನೀವೆಲ್ಲಾ ನನ್ನ ಮಾತಿಗೆ ಕ್ಯಾಸೆಟ್ ತಗೊಂಡ್ರಿ. ನಾ ಕೇಳದs ಇದ್ದ ಹಾಡಿಗೆ ಚಲೋ ಅಂದೆ. ಕಣ್ಣು ಮುಚ್ಚಿ ದೊಡ್ಡ ಮನಶ್ಯಾನಂಗ ಕೂತೆ. ಅದು ನೆನಪಾದ್ರ ಕನ್ನಡಿ ನೋಡಲಿಕ್ಕೆ ಆಗವಲ್ದು.”

“ಮಷೀನ್ ಹಾಕ್ಕೊಂಡು ನೋಡಬಹುದಲ್ಲ ಕಾಕಾ” ಎಂದೆ.

“ಅದರಾಗ ಮಾತು ಬರ್ತಾವ. ಹಾಡು ಬರಂಗಿಲ್ಲ. ತಗಡಿನ ಮ್ಯಾಲೆ ಉಸುಕು ಸುರದಂಗ ಆಗ್ತದ. ಪ್ಯಾಟ್ಯಾಗ ಎಷ್ಟು ಹೊಸಾವು ಬರ್ಲಿಕತ್ತಾವ, ನನ್ನ ಬಾಯಾಗ ಮುಂಜಾನೆ ಬರೋ ಸಾಲೆಲ್ಲಾ ಹಳೀವು. ಹೊಸದೊಂದು ಬಂದು ಭಾಳ ದಿನ ಆತು.”

ಕೆಳಗೆ ಓಣಿಯಲ್ಲಿ ಕೋಚಿಂಗ್ ಕ್ಲಾಸು ಬಿಟ್ಟು ಹುಡುಗರು ಸೈಕಲ್ ಗಂಟೆ ಬಾರಿಸುತ್ತಾ ಹೋದರು. ಕಾಕಾ ಆ ಕಡೆ ತಿರುಗಲಿಲ್ಲ. ನಾನು ಉಳಿದ ಬಟ್ಟೆಗಳನ್ನು ಮಡಚಿ ಬುಟ್ಟಿಗೆ ಹಾಕಿದೆ. ನಿಧಾನವಾಗಿಯೇ ಮಡಚಿದೆ, ಅವರು ಇನ್ನೂ ಏನೋ ಹೇಳುವುದಿದೆ ಎಂದು ಅನ್ನಿಸಿತ್ತು.

ಅವರು ಎದ್ದು ಬಂದು ಮೆಟ್ಟಿಲ ಬಾಗಿಲನ್ನು ಎಳೆದು ಮುಚ್ಚಿದರು. ಮತ್ತೆ ಕಟ್ಟೆಯ ಮೇಲೆ ಕೂತು, ನೆಲ ನೋಡುತ್ತಾ ಹೇಳಿದರು.

“ಎಡಗಿವಿ ಹೋಗ್ಯದ. ಬಲಗಿವ್ಯಾಗ ಇನ್ನೂ ಸ್ವಲ್ಪ ಅದ, ಭಾಳ ಹತ್ತರ ಇದ್ರ. ಒಂದು ಕೇಳ್ತೀನಿ, ನಗಬ್ಯಾಡ. ನಾ ಇರ್ಲಿ ಅಂದ ಹಾಡು ಹ್ಯಾಂಗದ ನನಗ ಗೊತ್ತಿಲ್ಲ ತಂಗಿ. ಆ ಹುಡುಗಿ ಅರಿವಿ ಮಡಚಿದ ಮ್ಯಾಲೆ ಮುಂದ ಏನ್ ಅಂತಾಳ, ಅಷ್ಟು ಈ ಕಿವ್ಯಾಗ ಹಾಡ್ತೀಯೇನು? ಸುರ ತಪ್ಪಿದ್ರೂ ನಡೀತದ.”